ನಾಲ್ಕು ಗೋಡೆ, ನಾಲ್ಕು ಥರದ ಪ್ಲಗ್: ಎಂಟು ತಿಂಗಳು ಬಳಸಿದ ಮೇಲೆ ಬರೆದದ್ದು

ಓದುವ ಕೋಣೆಯ ಶೆಲ್ಫ್ ಬಿದ್ದಾಗ ರಾತ್ರಿ ಹನ್ನೊಂದೂವರೆ. ದಡಾರ್ ಅಂತ ಸದ್ದು. ಓಡಿ ಹೋಗಿ ಲೈಟ್ ಹಾಕಿದೆ. ಹಲಗೆ ಒಂದು ಕಡೆ, ಪುಸ್ತಕಗಳು ಇನ್ನೊಂದು ಕಡೆ. ಬಲಗಡೆಯ ಬ್ರಾಕೆಟ್ ಕೆಳಗಿನ ಒಂದೇ ಸ್ಕ್ರೂ ಮೇಲೆ ಜೋತಾಡುತ್ತಿತ್ತು. ಅದೇ ಶೆಲ್ಫ್ ಕೆಳಗೆ ಸಂಜೆಯೆಲ್ಲ ಮಗಳು ಕೂತು ಚಿತ್ರ ಬಿಡಿಸುತ್ತಿದ್ದಳು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಬಿದ್ದ ಪ್ಲಗ್‌ಗಳನ್ನು, ಅಂದರೆ ಸ್ಕ್ರೂ ಹಿಡಿದುಕೊಳ್ಳಲಿ ಅಂತ ಗೋಡೆಯ ತೂತಿಗೆ ಹಾಕುವ ಸಣ್ಣ ಕೊಳವೆಗಳನ್ನು, ಆರಿಸಿಕೊಂಡು ಕಿಟಕಿ ಹತ್ತಿರ ಕೂತೆ. ಶೆಲ್ಫ್ ಜೊತೆಗೇ ಡಬ್ಬದಲ್ಲಿ ಬಂದಿದ್ದ ಬಿಳಿ ಪ್ಲಾಸ್ಟಿಕ್ ಪ್ಲಗ್‌ಗಳು ಅವು. ಉದ್ದ 25 ಮಿಲಿಮೀಟರ್. ಮೈಯ ಬಹುಪಾಲು ಬೂದು ಪುಡಿ ಮೆತ್ತಿಕೊಂಡಿತ್ತು, ತುದಿಯಲ್ಲಿ ಮಾತ್ರ ಒಂಚೂರು ಕೆಂಪು. ಗೋಡೆಯ ತೂತಿಗೆ ಟಾರ್ಚ್ ಬಿಟ್ಟು, ಕಡ್ಡಿ ತೂರಿಸಿ ಅಳೆದೆ. ಗಾರೆಯೇ 18 ಮಿಲಿಮೀಟರ್ ದಪ್ಪ ಇತ್ತು. ಅಂದರೆ ಇಟ್ಟಿಗೆಯೊಳಗೆ ಹೋಗಿದ್ದು ಬರೀ 7 ಮಿಲಿಮೀಟರ್. ಅಷ್ಟೂ ಪುಸ್ತಕದ ಭಾರವನ್ನು ಗಾರೆ ಹಿಡಿದುಕೊಂಡಿತ್ತು. ಗಾರೆ ಇರುವುದು ಗೋಡೆ ನುಣುಪಾಗಿ ಕಾಣಲಿ ಅಂತ. ಭಾರ ಹೊರುವುದು ಅದರ ಕೆಲಸವೇ ಅಲ್ಲ.

ಡಬ್ಬದಲ್ಲಿದ್ದ ಕಾಗದ ಹುಡುಕಿ ಓದಿದೆ. ಕೊನೆಯ ಸಾಲಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ನಿಮ್ಮ ಗೋಡೆಗೆ ಸರಿಹೊಂದುವ ಪ್ಲಗ್ ಬಳಸಿ ಎಂದು ಬರೆದಿತ್ತು. ಅದನ್ನು ಮೊದಲ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು ಎಂದು ನನಗೆ ಈಗಲೂ ಸಿಟ್ಟಿದೆ. ಡಬ್ಬದಲ್ಲೇ ಪ್ಲಗ್ ಕೊಟ್ಟಿದ್ದಾರೆ ಅಂದರೆ ಅದೇ ಸಾಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ?

ಅಲ್ಲಿಂದ ಶುರುವಾಯಿತು. ಮನೆಯಲ್ಲಿ ಇನ್ನೂ ಐದು ಶೆಲ್ಫ್ ಹಾಕುವುದಿತ್ತು. ಒಂದೊಂದು ಗೋಡೆಯೂ ಒಂದೊಂದು ಥರ. ನಾಲ್ಕು ಜಾತಿಯ ಪ್ಲಗ್ ತಂದು, ಎಲ್ಲವನ್ನೂ ನಾನೇ ಹಾಕಿದೆ. ತಮ್ಮ ಏಣಿ ಹಿಡಿದ, ವ್ಯಾಕ್ಯೂಮ್ ಹಿಡಿದ, ನಡುನಡುವೆ ಬುದ್ಧಿಯನ್ನೂ ಹೇಳಿದ. ಎಂಟು ತಿಂಗಳಾಯಿತು. ಯಾವುದು ಹೇಗಿದೆ ಅಂತ ಈಗ ಧೈರ್ಯವಾಗಿ ಹೇಳಬಹುದು.

ಮೊದಲು ಗೋಡೆಯ ವಿಷಯ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಬೆರಳಲ್ಲಿ ಕುಟ್ಟಿದರೆ ಟೊಳ್ಳೋ ಗಟ್ಟಿಯೋ ಗೊತ್ತಾಗುತ್ತದೆ, ಅಷ್ಟೇ. ನಿಜ ಹೇಳುವುದು ಡ್ರಿಲ್‌ನಿಂದ ಬರುವ ಪುಡಿ. ಶೆಲ್ಫ್ ಹಿಂದೆ ಮುಚ್ಚಿಹೋಗುವ ಜಾಗದಲ್ಲಿ ಒಂದು ಸಣ್ಣ ತೂತು ಕೊರೆಯಿರಿ, ಕೆಳಗೆ ಬಿಳಿ ಕಾಗದ ಹಿಡಿಯಿರಿ. ಮೊದಲು ಬೂದು ಗಾರೆ ಬಂದು ಆಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ. ಡ್ರಿಲ್‌ನ ಕೊರೆಯುವ ಮೊನೆ, ಅಂದರೆ ಬಿಟ್, ಮುಂದಕ್ಕೇ ಹೋಗದೆ, ಬೂದು ಬಣ್ಣದ ನಯವಾದ ಪುಡಿ ಚೂರುಚೂರೇ ಬಂದರೆ ಕಾಂಕ್ರೀಟ್. ಬೆಣ್ಣೆಗೆ ಚಾಕು ಹಾಕಿದ ಹಾಗೆ ಬಿಟ್ ಒಳಗೆ ಹೋಗಿ, ತಿಳಿ ಬಣ್ಣದ ಒರಟು ಪುಡಿ ಸುರಿದರೆ ಅದು ಎಎಸಿ ಬ್ಲಾಕ್, ಅಂದರೆ ಒಳಗೆಲ್ಲ ಸಣ್ಣ ಗಾಳಿಗುಳ್ಳೆ ಇರುವ ಹಗುರ ಬ್ಲಾಕ್. ಒಂದು ಸೆಂಟಿಮೀಟರ್ ಚಿಲ್ಲರೆ ಬಿಳಿ ಪುಡಿ ಬಂದು, ತಕ್ಷಣ ಬಿಟ್ ಖಾಲಿ ಜಾಗಕ್ಕೆ ಬಿದ್ದ ಹಾಗಾದರೆ ಜಿಪ್ಸಮ್ ಬೋರ್ಡ್. ಕೆಂಪು ಪುಡಿ ಬರುತ್ತಾ ಇದ್ದು ಮಧ್ಯೆ ಮಧ್ಯೆ ಬಿಟ್ ಜಾರಿ ಮುಂದೆ ಹೋದರೆ ಒಳಗೆ ಟೊಳ್ಳಿರುವ ಇಟ್ಟಿಗೆ.

ಓದುವ ಕೋಣೆಯ ಗೋಡೆ ಇಟ್ಟಿಗೆಯದು. ಅಲ್ಲಿ ನಾನು ಬಳಸಿದ್ದು ಫಿಷರ್ ಕಂಪನಿಯ ಡ್ಯುಯೊಪವರ್. ಬೂದು ಮತ್ತು ಕೆಂಪು, ಎರಡು ಬಣ್ಣದ ಪ್ಲಗ್. ಎರಡು ಬಣ್ಣ ಬರೀ ಅಂದಕ್ಕಲ್ಲ, ಎರಡು ಬೇರೆ ಬೇರೆ ವಸ್ತು. ಗಟ್ಟಿ ಗೋಡೆಯಲ್ಲಿ ಅದು ಅಗಲವಾಗಿ ಹಿಗ್ಗಿ ತೂತಿನ ಗೋಡೆಯನ್ನು ಒತ್ತುತ್ತದೆ. ಹಿಂದೆ ಟೊಳ್ಳಿದ್ದರೆ ಮಡಚಿಕೊಂಡು ಗಂಟಾಗುತ್ತದೆ. ನಂಬಿಕೆ ಬರಲಿಲ್ಲ. ಒಂದು ಹಳೆಯ ಬೋರ್ಡ್ ತುಂಡಿಗೆ ತೂತು ಕೊರೆದು, ಪ್ಲಗ್ ತೂರಿಸಿ, ಹಿಂದಿನಿಂದ ನೋಡುತ್ತಾ ಸ್ಕ್ರೂ ತಿರುಗಿಸಿದೆ. ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಪ್ಲಗ್‌ನ ಕಾಲುಗಳು ಹೊರಗೆ ಉಬ್ಬಿದವು. ಇನ್ನೂ ತಿರುಗಿಸಿದ ಹಾಗೆ ಒಂದರ ಮೇಲೊಂದು ಸುತ್ತಿಕೊಂಡು, ಬೋರ್ಡಿನ ಬೆನ್ನಿಗೆ ಮುಷ್ಟಿ ಹಿಡಿದ ಹಾಗೆ ಕೂತವು. ಅದನ್ನು ಕಣ್ಣಾರೆ ನೋಡಿದ ಮೇಲೆ ನನಗೆ ಈ ಪುಟ್ಟ ವಸ್ತುವಿನ ಮೇಲೆ ನಿಜವಾದ ಗೌರವ ಬಂತು.

ಆದರೆ ಅಳತೆ ಸರಿಯಾಗಿ ಆರಿಸಬೇಕು. ಪ್ಲಗ್ ಮೇಲೆ 8×40 ಅಂತ ಇದ್ದರೆ ತೂತು 8 ಮಿಲಿಮೀಟರ್, ಪ್ಲಗ್ ಉದ್ದ 40. ನನ್ನ 18 ಮಿಲಿಮೀಟರ್ ಗಾರೆಯಲ್ಲಿ 40ರದ್ದು ಹಾಕಿದರೆ ಇಟ್ಟಿಗೆಗೆ ಸಿಗುವುದು 22 ಮಾತ್ರ. ಅದಕ್ಕೇ 8×65ರ ಉದ್ದದ್ದು ತಂದೆ. ಸ್ಕ್ರೂ ಲೆಕ್ಕ ಹೀಗೆ: ಪ್ಲಗ್ ಉದ್ದ, ಅದಕ್ಕೆ ಬ್ರಾಕೆಟ್ ದಪ್ಪ, ಅದಕ್ಕೆ ಸ್ಕ್ರೂನ ದಪ್ಪ ಸೇರಿಸಿ. ಸ್ಕ್ರೂ ತುದಿ ಪ್ಲಗ್‌ನ ಕೊನೆ ದಾಟಿ ಸ್ವಲ್ಪ ಹೊರಗೆ ಬಂದರೇನೇ ಪ್ಲಗ್ ಪೂರ್ತಿ ಹಿಗ್ಗುವುದು. 65ಕ್ಕೆ ಬ್ರಾಕೆಟ್ 3, ಸ್ಕ್ರೂ 5. ಒಟ್ಟು 73. ನಾನು 80 ಉದ್ದದ್ದು ಹಾಕಿದೆ, ತೂತನ್ನೂ ಅದಕ್ಕೆ ತಕ್ಕ ಹಾಗೆ ಆಳ ಮಾಡಿದೆ. ತೆಳ್ಳಗಿನ ಸ್ಕ್ರೂ ಹಾಕಿದರೆ ಎಂಥ ಒಳ್ಳೆಯ ಪ್ಲಗ್ ಆದರೂ ಸುಮ್ನೆ ಒಳಗೆ ಕೂತಿರುತ್ತದೆ, ಹಿಗ್ಗುವುದೇ ಇಲ್ಲ.

ತೂತಿನ ಪುಡಿ ತೆಗೆಯುವುದನ್ನು ಯಾರೂ ಹೇಳಿಕೊಡುವುದಿಲ್ಲ. ಪುಡಿ ಒಳಗೇ ಉಳಿದರೆ ಪ್ಲಗ್ ಗೋಡೆಯನ್ನು ಹಿಡಿಯದೆ ಪುಡಿಯನ್ನು ಹಿಡಿಯುತ್ತದೆ, ಪೂರ್ತಿ ಒಳಗೂ ಹೋಗುವುದಿಲ್ಲ. ನಾನು ಹಳೆಯ ಬಾಟಲ್ ಬ್ರಷ್ ಹಾಕಿ ಉಜ್ಜಿ, ವ್ಯಾಕ್ಯೂಮ್ ಹಿಡಿಯುತ್ತೇನೆ. ಬಾಯಲ್ಲಿ ಊದಬೇಡಿ, ಕಣ್ಣಿಗೆ ಬೀಳುತ್ತದೆ.

ಇಟ್ಟಿಗೆ ಗೋಡೆಗೆ ಈ ಪ್ಲಗ್ ಬಗ್ಗೆ ನನ್ನದು ಒಂದೇ ಮಾತು: ತಗೊಳ್ಳಿ. ಸುತ್ತಿಗೆಯಲ್ಲಿ ಮೆಲ್ಲಗೆ ನಾಲ್ಕು ಏಟು, ಒಳಗೆ ಹೋಯಿತು. ಸ್ಕ್ರೂ ಕೊನೆಯ ಮೂರು ಸುತ್ತು ಬಿಗಿಯುವಾಗ ಕೈಗೇ ಗೊತ್ತಾಗುತ್ತದೆ. ಅದು ನಿಂತಿತು ಅಂದರೆ ನಿಂತಿತು.

ಈ ಪ್ಲಗ್‌ಗಳ ಹಿಂದಿನ ಕಥೆಯೂ ಚೆನ್ನಾಗಿದೆ. ಮೊದಲೆಲ್ಲ ಗೋಡೆಯನ್ನು ಅಗಲವಾಗಿ ಕೆತ್ತಿ, ಮರದ ಬೆಣೆ ಹೊಡೆದು, ಅದಕ್ಕೆ ಸ್ಕ್ರೂ ಹಾಕುತ್ತಿದ್ದರು. ಮರ ಒಣಗಿ ಕುಗ್ಗಿದರೆ ಬೆಣೆ ಸಡಿಲ. 1911ರಲ್ಲಿ ಜಾನ್ ರಾಲಿಂಗ್ಸ್ ಎಂಬ ಇಂಗ್ಲೆಂಡಿನ ಕಟ್ಟಡ ಕೆಲಸದವರು ಸೆಣಬಿನ ನಾರಿಗೆ ಪ್ರಾಣಿಗಳ ರಕ್ತದ ಅಂಟು ಸೇರಿಸಿ ಸಣ್ಣ ಕೊಳವೆ ಮಾಡಿದರು. ಬ್ರಿಟಿಷ್ ಮ್ಯೂಸಿಯಂನಲ್ಲಿ ಗೋಡೆ ಜಾಸ್ತಿ ಕೆಡಿಸದೆ ವಿದ್ಯುತ್ ಸಾಮಾನು ಕೂರಿಸಬೇಕಿತ್ತಂತೆ. ರಾಲ್‌ಪ್ಲಗ್ ಅನ್ನುವ ಮಾತು ಅವರ ಹೆಸರಿನಿಂದಲೇ ಬಂದದ್ದು. ಆಮೇಲೆ 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ನೈಲಾನ್ ಪ್ಲಗ್ ತಂದರು. ಕ್ಯಾಮೆರಾ ಕ್ಲಿಕ್ ಆದಾಗಲೇ ಫ್ಲಾಶ್ ಹೊತ್ತಿಕೊಳ್ಳುವ ಉಪಾಯವನ್ನು 1949ರಲ್ಲಿ ಕಂಡುಹಿಡಿದವರೂ ಇವರೇ. ಅವರ ಹೆಸರಿನಲ್ಲಿ 1,100ಕ್ಕೂ ಹೆಚ್ಚು ಪೇಟೆಂಟ್ ಇದ್ದವು. ಬೆರಳುದ್ದದ ಪ್ಲಗ್ ಹಿಂದೆ ಇಷ್ಟು ತಲೆ ಓಡಿದೆ ಅಂತ ತಿಳಿದ ಮೇಲೆ, ಅದನ್ನು ಡಬ್ಬದ ಜೊತೆ ಪುಕ್ಕಟೆ ಬರುವ ಚಿಲ್ಲರೆ ಸಾಮಾನು ಅಂತ ನೋಡಲು ನನ್ನಿಂದ ಆಗುವುದಿಲ್ಲ.

ಎರಡನೆಯದು ಮಗಳ ಕೋಣೆ. ಅಲ್ಲೂ ಇಟ್ಟಿಗೆಯೇ ಇರಬೇಕು ಅಂದುಕೊಂಡು ಡ್ರಿಲ್ ಅನ್ನು ಹ್ಯಾಮರ್‌ನಲ್ಲಿಟ್ಟು, ಅಂದರೆ ತಿರುಗುತ್ತಾ ಏಟೂ ಹಾಕುವ ಹಾಗೆ ಇಟ್ಟು, ಒತ್ತಿದೆ. ಬಿಟ್ ಸರ್ರನೆ ಒಳಗೆ ಹೋಯಿತು.

“ಅಕ್ಕಾ, ನಿಲ್ಲಿಸು, ನಿಲ್ಲಿಸು. ಕೆಂಪು ಬರ್ತಿಲ್ಲ, ಇದು ಇಟ್ಟಿಗೆ ಅಲ್ಲ.” ತಮ್ಮ ಕಾಗದ ತೋರಿಸಿದ. ತಿಳಿ ಬಣ್ಣದ ಪುಡಿ, ಒಂದು ಹಿಡಿಯಷ್ಟು.

8ರ ಬಿಟ್‌ನಲ್ಲಿ ಕೊರೆದ ತೂತು ಅಳೆದರೆ 10 ಆಗಿತ್ತು. ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿದರೆ ಎರಡೂ ಒಟ್ಟಿಗೆ ಗಿರಗಿರ ತಿರುಗಿದವು. ಎಎಸಿ ಬ್ಲಾಕ್‌ನಲ್ಲಿ ಹ್ಯಾಮರ್ ಬೇಡವೇ ಬೇಡ. ಹ್ಯಾಮರ್ ಏಟಿಗೆ ಒಳಗಿನ ಗಾಳಿಗುಳ್ಳೆಗಳು ಒಡೆದು ತೂತು ಅಗಲವಾಗುತ್ತದೆ. ಬರೀ ತಿರುಗಿಸಿ ಕೊರೆಯಬೇಕು. ಸಾಮಾನ್ಯ ಪ್ಲಗ್ ಆದರೆ ಒಂದು ಅಳತೆ ಚಿಕ್ಕ ಬಿಟ್ ಹಾಕಿದರೂ ಒಳ್ಳೆಯದು. ಆ ಕೆಟ್ಟ ತೂತನ್ನು ಮುಚ್ಚಿ, ಒಂದು ಗೇಣು ಪಕ್ಕಕ್ಕೆ ಹೋಗಿ ಹೊಸದಾಗಿ ಶುರು ಮಾಡಿದೆ.

ಎಎಸಿಗೆ ಅಂತಲೇ ಬೇರೆ ಪ್ಲಗ್ ಸಿಗುತ್ತದೆ. ಮೈಮೇಲೆ ತಿರುಚಿಕೊಂಡು ಹೋಗುವ ದಪ್ಪ ಏಣುಗಳಿರುತ್ತವೆ. ತೂತಿಗೆ ಇಟ್ಟು ಸುತ್ತಿಗೆಯಿಂದ ಹೊಡೆದರೆ ತಿರುಗುತ್ತಾ ತಿರುಗುತ್ತಾ ತನ್ನ ದಾರಿ ತಾನೇ ಕೊರೆದುಕೊಂಡು ಒಳಗೆ ಹೋಗುತ್ತದೆ. ಮೆತ್ತಗಿನ ಬ್ಲಾಕ್ ಹಿಗ್ಗುವ ಒತ್ತಡ ತಡೆಯುವುದಿಲ್ಲ, ಪುಡಿಯಾಗುತ್ತದೆ. ಈ ಪ್ಲಗ್ ಅಗಲಕ್ಕೆ ಒತ್ತುವುದಕ್ಕಿಂತ ಏಣುಗಳಿಂದ ಕಚ್ಚಿಕೊಳ್ಳುವುದು ಜಾಸ್ತಿ. ಅದಕ್ಕೇ ಅದು ನಿಲ್ಲುವುದು. ಹಾಕುವಾಗ ಕೈಗೆ ಸ್ವಲ್ಪ ಕಷ್ಟ, ನೇರವಾಗಿ ಹೊಡೆಯದಿದ್ದರೆ ಓರೆಯಾಗುತ್ತದೆ. ನನ್ನ ಮೊದಲನೆಯದು ಹಾಗೇ ಆಯಿತು. ಆದರೂ ಈ ಗೋಡೆಗೆ ಬೇರೆ ಯಾವುದನ್ನೂ ನಾನು ಹೇಳುವುದಿಲ್ಲ. ಎಎಸಿಯಲ್ಲಿ ಇನ್ನೊಂದು ಮಾತು: ಸ್ಕ್ರೂ ಬಿಗಿಯಾಯಿತು ಅನ್ನಿಸಿದ ಕೂಡಲೇ ಕೈ ನಿಲ್ಲಿಸಿ. ಇನ್ನೊಂದು ಸುತ್ತು ಅಂತ ಹೋದರೆ ಹಿಡಿತವೇ ಹೋಗುತ್ತದೆ. ಡ್ರಿಲ್ ಮೆಷಿನ್‌ನಿಂದ ಸ್ಕ್ರೂ ಬಿಗಿಯಬೇಡಿ, ಸ್ಕ್ರೂಡ್ರೈವರ್ ಹಿಡಿಯಿರಿ.

ಮೂರನೆಯದು ಹಾಲ್ ಮತ್ತು ನನ್ನ ಕೆಲಸದ ಜಾಗದ ನಡುವಿನ ಜಿಪ್ಸಮ್ ಬೋರ್ಡ್ ಗೋಡೆ. ನನಗೆ ಜಾಸ್ತಿ ತಲೆ ಕೆಡಿಸಿದ್ದು ಇದೇ. ಬೋರ್ಡ್ ದಪ್ಪ 12.5 ಮಿಲಿಮೀಟರ್. ಅದರ ಹಿಂದೆ ಗಾಳಿ. ಭಾರದ ಶೆಲ್ಫ್ ಆದರೆ ಪ್ಲಗ್ ಮರೆತು, ಬೋರ್ಡ್ ಹಿಂದಿನ ಚೌಕಟ್ಟಿನ ಕಂಬ ಹುಡುಕುವುದೇ ಸರಿ. ಕಂಬಗಳು ಸಾಮಾನ್ಯವಾಗಿ 400 ಇಲ್ಲವೇ 600 ಮಿಲಿಮೀಟರ್‌ಗೆ ಒಂದರಂತೆ ಇರುತ್ತವೆ. ಹುಡುಕಲು ಮೆಷಿನ್ ಬೇಕಿಲ್ಲ. ಒಂದು ಗಟ್ಟಿ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಗೋಡೆ ಮೇಲೆ ಮೆಲ್ಲಗೆ ಸರಿಸಿದೆ. ಬೋರ್ಡ್ ಕೂರಿಸಿದ ಸ್ಕ್ರೂ ಇರುವ ಕಡೆಯೆಲ್ಲ ಟಕ್ ಅಂತ ಅಂಟಿಕೊಂಡಿತು. ಒಂದರ ಕೆಳಗೊಂದು ಪೆನ್ಸಿಲ್ ಗುರುತು ಹಾಕುತ್ತಾ ಹೋದರೆ ಕಂಬದ ಗೆರೆ ತಾನಾಗಿ ಮೂಡಿತು. ಕಂಬ ಮರದ್ದಾದರೆ ನೇರ ಮರದ ಸ್ಕ್ರೂ ಸಾಕು, ಮರದೊಳಗೆ 30 ಮಿಲಿಮೀಟರ್ ಆದರೂ ಹೋಗಬೇಕು.

ನನ್ನ ಶೆಲ್ಫ್‌ನ ಒಂದು ಬ್ರಾಕೆಟ್‌ಗೆ ಕಂಬ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ಅಲ್ಲಿ ಲೋಹದ ಪ್ಲಗ್ ಹಾಕಿದೆ. ಉದ್ದ ಸೀಳುಗಳಿರುವ ಸಣ್ಣ ಕೊಳವೆ ಅದು. ತಲೆಯಲ್ಲಿ ಎರಡು ಮುಳ್ಳು. ತೂತಿಗೆ ತೂರಿಸಿದ ಮೇಲೆ ಇಕ್ಕಳದಂಥ ಒಂದು ಸಲಕರಣೆಯಿಂದ ಸ್ಕ್ರೂ ತಲೆಯನ್ನು ಹೊರಕ್ಕೆ ಎಳೆಯಬೇಕು. ಹಿಂದೆ ಕೊಳವೆ ಕುಸಿದು, ಕೊಡೆ ಬಿಚ್ಚಿದ ಹಾಗೆ ಕಾಲುಗಳು ನಾಲ್ಕು ಕಡೆ ಹರಡಿ ಬೋರ್ಡನ್ನು ಅಪ್ಪಿಕೊಳ್ಳುತ್ತವೆ. ಇದರ ದೊಡ್ಡ ಗುಣ ಅಂದರೆ, ಸ್ಕ್ರೂ ಬಿಚ್ಚಿದರೂ ಪ್ಲಗ್ ಅಲ್ಲೇ ಇರುತ್ತದೆ. ಗೋಡೆಗೆ ಬಣ್ಣ ಹೊಡೆಯಲು ಬ್ರಾಕೆಟ್ ತೆಗೆದು ಮತ್ತೆ ಹಾಕಬಹುದು. ಬೋರ್ಡ್ ದಪ್ಪಕ್ಕೆ ಸರಿಯಾದ ಅಳತೆ ತರಬೇಕು, ಉದ್ದ ಹೆಚ್ಚಾದರೆ ಹಿಂದೆ ಕಾಲುಗಳು ಬೋರ್ಡಿಗೆ ತಾಗದೆ ಗಾಳಿಯಲ್ಲೇ ಬಿಚ್ಚಿಕೊಳ್ಳುತ್ತವೆ.

ಬೋರ್ಡಿಗೆ ನೇರ ತಿರುಗಿಸಿ ಹಾಕುವ, ಸ್ಕ್ರೂಗೆ ಇರುವಂಥ ದೊಡ್ಡ ಸುತ್ತುಗಳ ಪ್ಲಾಸ್ಟಿಕ್ ಪ್ಲಗ್ ಕೂಡ ಇದೆ. ಹಾಕಲು ಅರ್ಧ ನಿಮಿಷ. ಫೋಟೋ, ಸಣ್ಣ ಗಡಿಯಾರಕ್ಕೆ ಸರಿ. ಪುಸ್ತಕದ ಶೆಲ್ಫ್‌ಗೆ ದಯವಿಟ್ಟು ಬೇಡ.

ಯಾಕೆ ಬೇಡ ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಪ್ಯಾಕೆಟ್ ಮೇಲೆ ಇಷ್ಟು ಕಿಲೋ ತಡೆಯುತ್ತದೆ ಅಂತ ಬರೆದಿರುವುದನ್ನು ನೋಡಿ ನಾವು ಶೆಲ್ಫ್ ತೂಕಕ್ಕೆ ಹೋಲಿಸುತ್ತೇವೆ. ಆದರೆ ಶೆಲ್ಫ್ ಬರೀ ಕೆಳಕ್ಕೆ ಜಗ್ಗುವುದಿಲ್ಲ, ಮೇಲಿನ ಸ್ಕ್ರೂವನ್ನು ಗೋಡೆಯಿಂದ ಹೊರಕ್ಕೂ ಕೀಳುತ್ತದೆ. ಬಿದ್ದ ಶೆಲ್ಫ್‌ನ ಪುಸ್ತಕಗಳನ್ನು ತೂಗಿದೆ, 30 ಕಿಲೋ. ಹಲಗೆ ಅಗಲ 25 ಸೆಂಟಿಮೀಟರ್, ಅಂದರೆ ಭಾರದ ನಡುಮಧ್ಯ ಗೋಡೆಯಿಂದ ಹನ್ನೆರಡೂವರೆ ಸೆಂಟಿಮೀಟರ್ ದೂರ. ಬ್ರಾಕೆಟ್‌ನ ಮೇಲಿನ ಸ್ಕ್ರೂಗೂ ಕೆಳಗಿನ ತುದಿಗೂ ನಡುವೆ 15. ಮೂವತ್ತನ್ನು ಹನ್ನೆರಡೂವರೆಯಿಂದ ಗುಣಿಸಿ 15ರಿಂದ ಭಾಗಿಸಿದರೆ 25 ಕಿಲೋ ಸೆಳೆತ. ಎರಡು ಬ್ರಾಕೆಟ್‌ಗೆ ಹಂಚಿದರೆ ಒಂದೊಂದರ ಮೇಲಿನ ಸ್ಕ್ರೂಗೆ ಹನ್ನೆರಡೂವರೆ. ಅದೇ ಭಾರವನ್ನು 40 ಸೆಂಟಿಮೀಟರ್ ಅಗಲದ ಹಲಗೆ ಮೇಲಿಟ್ಟು, ಬ್ರಾಕೆಟ್ ಎತ್ತರ ಬರೀ 10 ಮಾಡಿ ನೋಡಿ. ಒಂದೊಂದು ಸ್ಕ್ರೂಗೆ 30 ಕಿಲೋ. ಪುಸ್ತಕ ಒಂದೂ ಜಾಸ್ತಿ ಆಗಲಿಲ್ಲ, ಸೆಳೆತ ಎರಡೂವರೆ ಪಟ್ಟು ಹತ್ತಿರ ಆಯಿತು! ಅದಕ್ಕೇ ನಾನು ಈಗ ಎತ್ತರದ ಬ್ರಾಕೆಟ್ ನೋಡಿಯೇ ತರುವುದು. ಚೆಂದ ಕಾಣಲಿ ಅಂತ ಬ್ರಾಕೆಟ್ಟೇ ಇಲ್ಲದ ಹಾಗೆ ತೇಲುವ ಶೆಲ್ಫ್ ಮಾಡುತ್ತಾರಲ್ಲ, ಅದರಲ್ಲಿ ಈ ಎತ್ತರ ಹಲಗೆಯ ದಪ್ಪದಷ್ಟೇ. ಜಿಪ್ಸಮ್ ಬೋರ್ಡಿನ ಮೇಲೆ ಅಂಥದ್ದಕ್ಕೆ ಪುಸ್ತಕ ಪೇರಿಸುವುದನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ.

ನಾಲ್ಕನೆಯದು ಕಾಂಕ್ರೀಟ್ ಗೋಡೆ. ಹೇಳಲು ಹೆಚ್ಚಿಲ್ಲ. ಕೊರೆಯುವುದು ಕಷ್ಟ, ಪ್ಲಗ್ ನಿಲ್ಲುವುದು ಸುಲಭ. ಮಾಮೂಲಿ ಡ್ರಿಲ್‌ನಲ್ಲಿ ಒಂದು ತೂತಿಗೆ ಹತ್ತು ನಿಮಿಷ ಹೋರಾಡಿ ಬಿಟ್ ಕೆಂಪಗೆ ಮಾಡಿಕೊಂಡೆ. ಆಮೇಲೆ ಎಸ್‌ಡಿಎಸ್ ಹ್ಯಾಮರ್ ಡ್ರಿಲ್, ಅಂದರೆ ಜೋರಾಗಿ ಏಟು ಹಾಕುತ್ತಾ ಕೊರೆಯುವ ಮೆಷಿನ್, ಬಾಡಿಗೆಗೆ ತಂದೆ, ಅರ್ಧ ನಿಮಿಷದಲ್ಲಿ ಮುಗಿಯಿತು. ಸಾದಾ 6×30 ನೈಲಾನ್ ಪ್ಲಗ್ ಸಾಕಾಯಿತು. ಬಿಟ್ ಒಂದು ಹಂತದಲ್ಲಿ ಮುಂದಕ್ಕೇ ಹೋಗದಿದ್ದರೆ ಕಬ್ಬಿಣದ ಕಂಬಿ ಸಿಕ್ಕಿದೆ ಅಂತ ಅರ್ಥ. ಹಟ ಮಾಡದೆ ಜಾಗ ಬದಲಿಸಿ.

ಬಚ್ಚಲುಮನೆಯ ಟೈಲ್ಸ್ ಮೇಲೆ ಒಂದು ಪುಟ್ಟ ಹಲಗೆ ಹಾಕಿದ್ದೇನೆ. ಅಲ್ಲಿ ನೆನಪಿಡಬೇಕಾದ್ದು ಎರಡು. ಟೈಲ್ ದಾಟುವವರೆಗೆ ಹ್ಯಾಮರ್ ಹಾಕಬೇಡಿ. ಪ್ಲಗ್ ತಲೆಯನ್ನು ಟೈಲ್‌ಗಿಂತ ಒಳಕ್ಕೆ ತಳ್ಳಿ, ಇಲ್ಲವಾದರೆ ಅದು ಹಿಗ್ಗುವಾಗ ಟೈಲೇ ಬಿರಿಯುತ್ತದೆ.

ಸ್ಕ್ರೂ ಬಗ್ಗೆಯೂ ಒಂದು ಮಾತು. ಮನೆಯಲ್ಲಿದ್ದ ಕಪ್ಪು ಡ್ರೈವಾಲ್ ಸ್ಕ್ರೂಗಳನ್ನೇ ಮೊದಲು ಬಳಸುವವಳಿದ್ದೆ. ಅವು ಬೋರ್ಡನ್ನು ಚೌಕಟ್ಟಿಗೆ ಕೂರಿಸಲು ಮಾಡಿದವು. ತುಂಬ ಗಡುಸು, ಅಡ್ಡಕ್ಕೆ ಭಾರ ಬಿದ್ದರೆ ಬಾಗದೆ ಪಟ್ಟನೆ ಮುರಿಯುತ್ತವೆ. ಒಂದನ್ನು ವೈಸ್‌ಗೆ ಕಚ್ಚಿಸಿ ಸುತ್ತಿಗೆಯಲ್ಲಿ ಹೊಡೆದು ನೋಡಿದೆ, ತಲೆ ಹಾರಿ ಮೂಲೆಗೆ ಬಿತ್ತು. ಮರದ ಸ್ಕ್ರೂ ಅದೇ ಏಟಿಗೆ ಬರೀ ಬಾಗಿತು. ಬಾಗಿದರೆ ಶೆಲ್ಫ್ ಓರೆಯಾಗಿ ನಮಗೆ ಸುಳಿವು ಕೊಡುತ್ತದೆ. ಮುರಿದರೆ ಸುಳಿವೇ ಇಲ್ಲ.

ಮತ್ತೆ, ಸ್ವಿಚ್ ಬೋರ್ಡ್ ಮತ್ತು ಪ್ಲಗ್ ಪಾಯಿಂಟ್‌ಗಳ ನೇರ ಮೇಲೆ, ಕೆಳಗೆ, ಪಕ್ಕಕ್ಕೆ ಕೊರೆಯಬೇಡಿ. ವೈರ್‌ಗಳು ಹೆಚ್ಚಾಗಿ ಅದೇ ಗೆರೆಯಲ್ಲಿ ಓಡುತ್ತವೆ. ಗೋಡೆಯೊಳಗಿನ ವೈರ್ ಪತ್ತೆ ಮಾಡುವ ಡಿಟೆಕ್ಟರ್ ಸಿಕ್ಕರೆ ಒಮ್ಮೆ ಹಿಡಿದು ನೋಡಿ.

ಯಾವುದು ನಿಂತಿದೆ, ಯಾವುದು ಜಾರುತ್ತಿದೆ ಅಂತ ತಿಳಿಯಲು ಪ್ರತಿ ಬ್ರಾಕೆಟ್ ಸುತ್ತ ಚೂಪು ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೆ. ತಿಂಗಳ ಮೊದಲ ಭಾನುವಾರ ಟಾರ್ಚ್ ಹಿಡಿದು ನೋಡುತ್ತೇನೆ. ಓದುವ ಕೋಣೆಯ ಡ್ಯುಯೊಪವರ್ ಕೂದಲೆಳೆಯಷ್ಟೂ ಕದಲಿಲ್ಲ, ಅದೇ 30 ಕಿಲೋ ಪುಸ್ತಕ ಮತ್ತೆ ಅದರ ಮೇಲಿದೆ. ಮಗಳ ಕೋಣೆಯ ಏಣಿನ ಪ್ಲಗ್, ಕಾಂಕ್ರೀಟ್‌ನ ಸಾದಾ ಪ್ಲಗ್, ಎರಡೂ ಹಾಗೇ ಇವೆ. ಬೋರ್ಡ್ ಗೋಡೆಯಲ್ಲಿ ಕಂಬಕ್ಕೆ ಹಾಕಿದ ಬ್ರಾಕೆಟ್ ಗೆರೆಯ ಮೇಲೇ ಇದೆ. ಅದರ ಜೋಡಿ, ಲೋಹದ ಪ್ಲಗ್‌ನದ್ದು, ಹೋದ ತಿಂಗಳು ಗೆರೆಯಿಂದ ಒಂದು ಮಿಲಿಮೀಟರ್ ಕೆಳಗೆ ಇಳಿದಿತ್ತು. ಪ್ಲಗ್ ತಪ್ಪೆಂದು ನಾನು ಹೇಳಲಾರೆ, ಅದರ ಮೇಲೆ ಪ್ರಿಂಟರ್ ಇಟ್ಟವಳು ನಾನು. ಪ್ರಿಂಟರ್ ಅವತ್ತೇ ನೆಲಕ್ಕೆ ಇಳಿಯಿತು. ಬರುವ ಭಾನುವಾರ ಹಲಗೆಯನ್ನು ಎರಡು ಗೇಣು ಎಡಕ್ಕೆ ಸರಿಸಿ, ಎರಡೂ ಬ್ರಾಕೆಟ್ ಕಂಬಕ್ಕೇ ಬರುವ ಹಾಗೆ ಹಾಕುತ್ತೇನೆ. ಅಯಸ್ಕಾಂತ ಹಿಡಿದು ಗುರುತು ಆಗಲೇ ಹಾಕಿಟ್ಟಿದ್ದೇನೆ.